ವಿದೇಶಿ ವಿಭಾಗದ ಸೋಮವ್ವ

ಸೋಲಾಪುರದ ಕಡೆಯಿಂದ ಬಂದ ರೈಲು ಇಂಡಿ ರೋಡ್ ಸ್ಟೇಷನ್ನಿನಲ್ಲಿ ನಿಂತಾಗ ಸುರೇಖಾ ಎರಡು ಚೆಂಡುಹೂವಿನ ಹಾರ ಹಿಡಿದುಕೊಂಡು, ಯಾವ ಡಬ್ಬಿಯ ಮುಂದೆ ನಿಲ್ಲಬೇಕೆಂದು ತಿಳಿಯದೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದಳು. ಹಿಂದೆ ಫೋಟೋ ತೆಗೆಯುವ ಅಮೀರ ಓಡಿದ. ಕೊನೆಯ ಡಬ್ಬಿಯಿಂದ ಮೊದಲು ಒಂದು ನೀಲಿ ಸೂಟ್‌ಕೇಸು ಇಳಿಯಿತು, ಅದರ ಹಿಂದೆ ಒಬ್ಬ ಹುಡುಗಿ, ಆಮೇಲೆ ತೆಳ್ಳಗೆ ಎತ್ತರಕ್ಕಿದ್ದ ಒಬ್ಬ ಹುಡುಗ. ಹುಡುಗಿಯ ಹೆಸರು ಚಿಸೋಮೊ. ಆಫ್ರಿಕಾದ ಮಲಾವಿ ದೇಶದ ಜೊಂಬಾ ಎಂಬ ಊರಿನವಳು. ಹುಡುಗ ದೆಂಗ್, ದಕ್ಷಿಣ ಸುಡಾನಿನವನು. ಇಬ್ಬರೂ ಸಿಂದಗಿಯ ದಿಗಂತ ಕಾಲೇಜಿನಲ್ಲಿ ಓದಲು ಬಂದಿದ್ದರು. ಅಮೀರ ಹಾರ ಹಾಕಿಸಿ, ತೆಗೆಸಿ, ಮತ್ತೊಮ್ಮೆ ಹಾಕಿಸಿ ಫೋಟೋ ತೆಗೆದ.

ಸುರೇಖಾ ಆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ತವರು ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ. ನೌಕರಿ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಜೂನ್ ಬಂದಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕಿತ್ತು. ಆ ವರ್ಷ ಸಂಸ್ಥೆಯ ಅಧ್ಯಕ್ಷರ ಮಗ ಅರುಣಕುಮಾರ ದಿಲ್ಲಿಯಲ್ಲಿ ಯಾವುದೋ ಸಮ್ಮೇಳನಕ್ಕೆ ಹೋಗಿಬಂದಿದ್ದ. ದೇಶದ ಉನ್ನತ ಶಿಕ್ಷಣವೆಲ್ಲ ಅಂತರರಾಷ್ಟ್ರೀಯ ಆಗುತ್ತಿದೆ, ಹೊರದೇಶದ ವಿಶ್ವವಿದ್ಯಾಲಯಗಳು ಇಲ್ಲಿಗೆ ಬರುತ್ತಿವೆ, ಇಲ್ಲಿಯ ಕಾಲೇಜುಗಳು ಹೊರಗಿನವರನ್ನು ಕರೆಸಿಕೊಳ್ಳಬೇಕು ಎಂದು ಅಲ್ಲಿ ಕೇಳಿಬಂದವನು ಬಂದ ವಾರವೇ ಸುರೇಖಾಳನ್ನು ಕರೆಸಿದ.

"ಮೇಡಂ, ಇಂಡಿ ಹುಡುಗ್ರು ಬರ್ತಾರ, ಮುದ್ದೇಬಿಹಾಳದವ್ರು ಬರ್ತಾರ, ಬಾಗೇವಾಡಿಯವ್ರು ಬರ್ತಾರ. ಒಳ್ಳೇದ. ಆದ್ರ ಅವರನ್ನ ನೋಡಿ ನಮ್ಮ ಕಾಲೇಜಿಗೆ ಯಾರ್ರೀ ದೊಡ್ಡ ದರ್ಜೆ ಕೊಡ್ತಾರ? ಹೊರದೇಶದವ್ರು ಇರಬೇಕ್ರಿ. ನೀವು ಇಂಗ್ಲಿಷ್ ಚಲೋ ಮಾತಾಡ್ತೀರಿ. ಇವತ್ತಿಂದ ಅಂತರರಾಷ್ಟ್ರೀಯ ವಿಭಾಗದ ಮುಖ್ಯಸ್ಥೆ ನೀವ."

ಅವನು ಮೋಸಗಾರನ ಹಾಗೆ ಕಾಣುತ್ತಿರಲಿಲ್ಲ. ತಾನು ಹೇಳಿದ್ದನ್ನು ಎಲ್ಲರಿಗಿಂತ ಮೊದಲು ತಾನೇ ನಂಬುವ ಮನುಷ್ಯ. ಹಳೆಯ ಸ್ಟೋರ್ ರೂಮಿಗೆ ಸುಣ್ಣ ಹೊಡೆಸಿ, ಮೇಜಿನ ಮೇಲೆ ಒಂದು ಭೂಗೋಳ ಇಟ್ಟು, ಗೋಡೆಗೆ ಹತ್ತಾರು ದೇಶಗಳ ಧ್ವಜ ಹಚ್ಚಿದರು. ಸುರೇಖಾಳಿಗೆ ಒಳಗೊಳಗೆ ಸಂತೋಷವೇ ಆಯಿತು. ಅವಳದು ಬುದ್ಧನ ಪಟ, ಬಾಬಾಸಾಹೇಬರ ಪಟ ಎರಡನ್ನೂ ಜೋಡಿಯಾಗಿ ಹಾಕಿದ ಮನೆ. ಬಾಬಾಸಾಹೇಬರು ಸಮುದ್ರ ದಾಟಿ ಹೋಗಿ ಓದಿದ್ದನ್ನು ತಂದೆ ದೇವರ ಕತೆ ಹೇಳಿದಂತೆ ಹೇಳುತ್ತಿದ್ದರು. ಆ ಮನೆಯಲ್ಲಿ ಹೊರದೇಶದ ಓದು ಎಂದರೆ ತಲೆ ಮೇಲೆತ್ತಿ ಆಡುವ ಮಾತು. ತಾನು ಹೋಗಲಾಗಲಿಲ್ಲ, ಯಾರಾದರೂ ಬರುತ್ತಾರಲ್ಲ ಎಂದುಕೊಂಡಳು.

ಸ್ಟೇಷನ್ನಿನಿಂದ ಸಿಂದಗಿಗೆ ಬರುವಾಗ ವ್ಯಾನಿನಲ್ಲಿ ಚಿಸೋಮೊ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕಪ್ಪು ಹೊಲಗಳು, ನಡುನಡುವೆ ನಿಂಬೆಯ ತೋಟಗಳು. ಅವಳ, ಸುರೇಖಾಳ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

"ಆಸ್ಪತ್ರೆ ಕಾಲೇಜಿನ ಪಕ್ಕದಲ್ಲೇ ಇದೆಯಾ?" ಎಂದು ಅವಳು ಕೇಳಿದಳು.

"ಯಾವ ಆಸ್ಪತ್ರೆ?"

ಚಿಸೋಮೊ ಫೋನು ತೆಗೆದು ಕಾಲೇಜಿನ ಜಾಹೀರಾತು ತೋರಿಸಿದಳು. ದಿಗಂತ ಎಂಬ ಹೆಸರಿನ ಕೆಳಗೆ ಹಲವು ಅಂತಸ್ತಿನ ಬಿಳಿ ಆಸ್ಪತ್ರೆ ಕಟ್ಟಡ, ಅದರ ಮುಂದೆ ಹಸಿರು ಹುಲ್ಲು. ಅಂಥ ಕಟ್ಟಡವನ್ನು ಸುರೇಖಾ ಸಿಂದಗಿಯಲ್ಲಷ್ಟೇ ಅಲ್ಲ, ವಿಜಯಪುರದಲ್ಲೂ ನೋಡಿರಲಿಲ್ಲ. ದೂರದ ಪಯಣ ಮಾಡಿ ಬಂದ ಹುಡುಗಿಗೆ ವ್ಯಾನಿನಲ್ಲೇ ಅದನ್ನು ಹೇಳಲು ಬಾಯಿ ಬರಲಿಲ್ಲ. "ಊರಲ್ಲಿ ಸರ್ಕಾರಿ ಆಸ್ಪತ್ರೆ ಇದೆ" ಎಂದಳು.

ಚಿಸೋಮೊ ಸೇರಿದ್ದು ರಕ್ತ, ಕಫ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್ ಪದವಿಗೆ. ಅವಳ ತಾಯಿ ಜೊಂಬಾದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಅಲ್ಲಿಯ ಲ್ಯಾಬಿನಲ್ಲಿ ಇದ್ದವನು ಒಬ್ಬನೇ. ಅವನು ರಜೆ ಹಾಕಿದರೆ ಮಲೇರಿಯಾ ಜ್ವರದ ಮಕ್ಕಳ ರಕ್ತ ಗಾಜಿನ ಮೇಲೆ ಒಣಗಿ ಕೂತಿರುತ್ತಿತ್ತು, ಮಕ್ಕಳು ಹೊರಗೆ ವರಾಂಡದಲ್ಲಿ ಮಲಗಿರುತ್ತಿದ್ದವು. ಆ ಕುರ್ಚಿಯಲ್ಲಿ ಮಗಳು ಕೂತಿರುವುದನ್ನು ನೋಡಬೇಕೆಂದು ತಾಯಿಯ ಆಸೆ. ದಿಗಂತ ಕಾಲೇಜು ಶಿಷ್ಯವೇತನ ಕೊಟ್ಟು ಕರೆದಾಗ ಇಡೀ ಓಣಿ ಬಂದು ಅವಳನ್ನು ಬೀಳ್ಕೊಟ್ಟಿತ್ತು.

ಕಾಲೇಜಿನ ಲ್ಯಾಬಿನಲ್ಲಿ ಎರಡು ಸೂಕ್ಷ್ಮದರ್ಶಕಗಳಿದ್ದವು. ಒಂದರ ಗಾಜಿಗೆ ಬೂಷ್ಟು ಹಿಡಿದಿತ್ತು. ಕಲಿಸುವವರು ವಿಜಯಪುರದಿಂದ ಶನಿವಾರ ಬರುತ್ತಿದ್ದರು, ಕೆಲವು ಶನಿವಾರ ಬರುತ್ತಿರಲಿಲ್ಲ. ದೆಂಗ್ ಇದನ್ನೆಲ್ಲ ನೋಡಿದ. ಒಂದು ತಿಂಗಳು ಕಳೆಯುವುದರೊಳಗೆ ಪುಣೆಯಲ್ಲಿದ್ದ ತನ್ನ ದೇಶದವರ ಹತ್ತಿರ ಹೊರಟುಹೋದ. ಹೋಗುವಾಗ ಚಿಸೋಮೊಳನ್ನೂ ಕರೆದ.

"ನಾನು ತಿರುಗಾಡಲು ಬಂದವಳಲ್ಲ. ಸರ್ಟಿಫಿಕೇಟ್ ಕೈಯಲ್ಲಿ ಹಿಡಿದೇ ಹೋಗುತ್ತೇನೆ" ಎಂದಳು ಅವಳು.

ಅವಳನ್ನು ಹಿಡಿದು ನಿಲ್ಲಿಸಿದವರಲ್ಲಿ ಹಾಸ್ಟೆಲಿನ ಅಡಿಗೆಯ ಕಾಶಿಬಾಯಿಯೂ ಒಬ್ಬಳು. ಕಾಶಿಬಾಯಿ ಹಲಸಂಗಿಯವಳು. ಮೊದಲ ವಾರ ಚಿಸೋಮೊ ರೊಟ್ಟಿ ಮುರಿಯಲಾರದೆ, ಖಾರ ತಡೆಯಲಾರದೆ ತಟ್ಟೆಯ ಮುಂದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಾಗ ಕಾಶಿಬಾಯಿ ಒಂದು ಬಟ್ಟಲು ಬಿಸಿ ಜೋಳದ ನುಚ್ಚು ತಂದಿಟ್ಟಳು. ಹುಡುಗಿ ಬೆರಳಲ್ಲಿ ಉಂಡೆ ಮಾಡಿ ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. ಅವರ ಊರಲ್ಲಿ ಗೋವಿನಜೋಳದ ಹಿಟ್ಟನ್ನು ಹೀಗೇ ಬೇಯಿಸಿ ಹೀಗೇ ಉಣ್ಣುತ್ತಾರಂತೆ.

"ಯವ್ವಾ, ನಮ್ಮಂಗ ಉಣ್ಣತೈತಿ ನೋಡ್ರಿ ಕೂಸು!" ಎಂದಳು ಕಾಶಿಬಾಯಿ, ನೋಡಲು ಬಂದಿದ್ದ ಸುರೇಖಾಳಿಗೆ. "ಏನಂತ್ರಿ ಮೇಡಂ ಇಕಿ ಹೆಸರು?"

"ಚಿಸೋಮೊ."

"ಅದ್ಯಾನ ನಾಲಿಗಿ ಹೊರಳೂದುಲ್ಲ. ಸೋಮವ್ವ ಅಂತೇನಿ."

ಹಾಗೆ ಅವಳು ಸೋಮವ್ವ ಆದಳು. ಹಾಸ್ಟೆಲಿನ ಹುಡುಗಿಯರೂ ಹಾಗೇ ಕರೆದರು. ಎದುರಿಗಿನ ಅಂಗಡಿಯವನೂ ಹಾಗೇ ಕರೆದ. ಊರಿನವರೆಲ್ಲ ಅಷ್ಟು ಸಸಾರವಾಗಿ ಒಪ್ಪಿಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಕೇಳದೆ ಫೋನು ಎತ್ತುತ್ತಿದ್ದರು. ಒಬ್ಬ ಹೆಂಗಸು ಚಿಸೋಮೊಳ ಪಕ್ಕ ಕೂತಿದ್ದ ತನ್ನ ಮಗುವನ್ನು ಎತ್ತಿ ಆಚೆಗೆ ಕೂರಿಸಿಕೊಂಡಳು.

"ನಿಮ್ಮನ್ನೂ ಹೀಗೆ ನೋಡುತ್ತಾರಾ?" ಎಂದು ಚಿಸೋಮೊ ಕೇಳಿದಳು.

"ನೋಡಿದರೆ ನನ್ನದು ಗೊತ್ತಾಗುವುದಿಲ್ಲ. ಅದಕ್ಕೆ ಕೇಳುತ್ತಾರೆ. ಬಾಡಿಗೆ ಮನೆ ಹುಡುಕುವಾಗ, ನೀವು ಯಾರ ಪೈಕಿ ಅಂತ."

"ಹೇಳುತ್ತೀರಾ?"

"ಹೇಳುತ್ತೇನೆ. ಆಮೇಲೆ ಮನೆ ಖಾಲಿ ಇಲ್ಲ ಅನ್ನುತ್ತಾರೆ."

ಚಿಸೋಮೊ ಅವಳ ಕೈ ಹಿಡಿದುಕೊಂಡಳು. ಅಂದಿನಿಂದ ಭಾನುವಾರಗಳನ್ನು ಇಬ್ಬರೂ ಸುರೇಖಾಳ ಕೋಣೆಯಲ್ಲೇ ಕಳೆಯತೊಡಗಿದರು.

ಕಾಲೇಜಿನಲ್ಲಿ ಕಲಿಸುವುದು ನಡೆಯದೆ ಇದ್ದಾಗ ಸುರೇಖಾ ಅವಳನ್ನು ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋದಳು. ಅಲ್ಲಿ ಕೆಲಸ ಮಾಡುತ್ತಿದ್ದ ಬಾಬುಲಾಲ ಪರಿಚಯದವನು. ಮೊದಲು ಹಿಂದೆ ಮುಂದೆ ನೋಡಿದ, ಆಮೇಲೆ ಬೆಳಿಗ್ಗೆ ಬಂದು ನಿಂತು ನೋಡಲಿ ಎಂದ. ಕೆಲವು ದಿನ ನಿಂತು ನೋಡಿದವಳು ಆಮೇಲೆ ಕೂತು ಮಾಡತೊಡಗಿದಳು. ಮಳೆಗಾಲದಲ್ಲಿ ಜ್ವರದವರ ಸಾಲು ಬಾಗಿಲಾಚೆ ಹೋದಾಗ ಬಾಬುಲಾಲನೇ ಅವಳನ್ನು ಕರೆಕಳಿಸಿದ.

"ಇಕಿ ಕೈ ಭಾಳ ಸ್ವಚ್ಛ ಐತ್ರಿ ಮೇಡಂ. ಒಂದು ಹನಿ ಆಚೀಚಿ ಆಗೂದುಲ್ಲ. ನಮ್ಮ ಕಡೆ ಇದ್ದಿದ್ರ ನೌಕರಿ ಹುಡಿಕ್ಕೊಂಡು ಬರ್ತಿತ್ತು" ಎಂದ.

ಆ ಮಾತನ್ನು ಚಿಸೋಮೊ ಸುರೇಖಾಳಿಂದ ಎರಡು ಸಲ ಇಂಗ್ಲಿಷಿನಲ್ಲಿ ಹೇಳಿಸಿಕೊಂಡಳು. ಅಂದು ಸಂಜೆ ತಾಯಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು.

ಎರಡನೆಯ ವರ್ಷ, ಚಳಿ ಮುಗಿಯುವ ಹೊತ್ತಿಗೆ, ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ತಂಡ ಬರುವುದೆಂದು ಗೊತ್ತಾಯಿತು. ಕಾಲೇಜಿಗೆ ಬಣ್ಣ ಬಳಿದರು. ಲ್ಯಾಬಿಗೆ ಬಾಡಿಗೆಯ ಯಂತ್ರಗಳು ಬಂದವು. ತಂಡ ಬಂದ ದಿನ ಬೆಳಿಗ್ಗೆ ಎರಡು ಬಸ್ಸುಗಳು ಗೇಟಿನೊಳಗೆ ಬಂದು ನಿಂತವು. ಬಾಗಿಲು ತೆರೆದು ಇಳಿದವರನ್ನು ನೋಡಿ ಸುರೇಖಾ ನಿಂತಲ್ಲೇ ನಿಂತಳು. ನೈಜೀರಿಯಾ, ಟಾಂಜಾನಿಯಾ, ಯೆಮನ್, ನೇಪಾಳ... ಎಲ್ಲ ದೇಶಗಳ ಹುಡುಗ ಹುಡುಗಿಯರು, ಎಲ್ಲರ ಕೊರಳಲ್ಲೂ ದಿಗಂತ ಕಾಲೇಜಿನ ಗುರುತಿನ ಚೀಟಿ. ದೂರದ ಒಂದು ನಗರದ ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ತಂದವರು.

ಸುರೇಖಾ ಪ್ರಿನ್ಸಿಪಾಲ್ ಸಿದ್ಧರಾಮ ಅವರ ಕೋಣೆಗೆ ಹೋದಳು. "ಸರ್, ಇದೇನ್ರಿ ಇದು?"

ಸಿದ್ಧರಾಮ ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರ ಬಂದಿದ್ದರು. ಕನ್ನಡಕ ತೆಗೆದು ಒರೆಸಿದರು. "ನೀವು ನೋಡಿಲ್ಲ ಅಂತ ತಿಳ್ಕೋರಿ. ನಾನೂ ನೋಡಿಲ್ಲ."

ಹೊರಗೆ ಬಂದರೆ ಬೇವಿನ ಗಿಡದ ಕೆಳಗೆ ಚಿಸೋಮೊ ಒಬ್ಬ ಗಿಡ್ಡ ಹುಡುಗಿಯನ್ನು ಅಪ್ಪಿಕೊಂಡು ನಿಂತಿದ್ದಳು. ಆ ಹುಡುಗಿ ಮಲಾವಿಯವಳು. ಇಬ್ಬರೂ ತಮ್ಮ ಭಾಷೆಯಲ್ಲಿ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು, ನಗುತ್ತಿದ್ದರು, ಮತ್ತೆ ಅಪ್ಪಿಕೊಳ್ಳುತ್ತಿದ್ದರು. ಸಿಂದಗಿಗೆ ಬಂದ ಮೇಲೆ ಚಿಸೋಮೊ ಎದುರೆದುರು ನಿಂತು ತನ್ನ ಭಾಷೆಯಲ್ಲಿ ಮಾತಾಡಿದ್ದು ಅದೇ ಮೊದಲು. ಅವಳು ಅಷ್ಟು ಗಟ್ಟಿಯಾಗಿ ನಗಬಲ್ಲಳೆಂದು ಸುರೇಖಾಳಿಗೆ ಗೊತ್ತೇ ಇರಲಿಲ್ಲ. ಕಾಶಿಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಸೋಮವ್ವನ ಅಕ್ಕತಂಗೇರು ಬಂದಾರೇನ್ರಿ?" ಎಂದು ಕೇಳಿದಳು.

ಚಿಸೋಮೊಳಿಗೆ ಇಳಕಲ್ ಸೀರೆ ಉಡಿಸಿದ್ದರು. ದೀಪ ಹಚ್ಚುವುದು ಅವಳೇ, ಕನ್ನಡದಲ್ಲಿ ಎರಡು ಮಾತು ಆಡುವುದೂ ಅವಳೇ. ಆಮೇಲೆ ತಂಡದವರು ವಿದೇಶಿ ವಿದ್ಯಾರ್ಥಿಗಳ ಜೊತೆ ಮಾತಾಡುವ ಹೊತ್ತು. ಅದಕ್ಕಿಂತ ಮೊದಲು ಅರುಣಕುಮಾರ ಅವಳನ್ನೂ ಸುರೇಖಾಳನ್ನೂ ಬದಿಗೆ ಕರೆದ.

"ಈ ದರ್ಜೆ ಬಂತಂದ್ರ ಹೊರದೇಶದ ವಿಶ್ವವಿದ್ಯಾಲಯ ನಮ್ಮ ಕೂಡ ಒಪ್ಪಂದಕ್ಕ ತಯಾರ ಐತಿ. ಇಕಿ ಕಡೀ ವರ್ಷ ಅಲ್ಲೇ, ದೊಡ್ಡ ಆಸ್ಪತ್ರಿ ಒಳಗ. ಹೇಳ್ರಿ ಮೇಡಂ ಆಕಿಗಿ. ನನ್ನ ಮಾತು."

ಸುರೇಖಾ ಹೇಳಿದಳು. ಅವನು ದೂರ ಹೋದ ಮೇಲೆ ಚಿಸೋಮೊ ಸೀರೆಯ ಸೆರಗನ್ನು ಸರಿಮಾಡಿಕೊಳ್ಳುತ್ತ ಕೇಳಿದಳು: "ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ?"

"ನಿನಗೆ ಅನ್ನಿಸಿದ್ದನ್ನು ಹೇಳು. ನಾನು ತಡೆಯುವುದಿಲ್ಲ."

"ಹೇಳಿದರೆ ಕಾಲೇಜಿಗೆ ದರ್ಜೆ ಬರುವುದಿಲ್ಲ. ಆಗ ನನ್ನದು ಇಲ್ಲಿಗೇ ಮುಗಿಯಿತು. ಹೇಳದಿದ್ದರೆ ಇನ್ನೂ ಏನಾದರೂ ಆಗಬಹುದು. ಅಲ್ಲವೇ?"

ಸುರೇಖಾ ಅವಳ ಸೆರಗಿಗೆ ಪಿನ್ನು ಹಾಕಿದಳು.

ತಂಡದ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ಮೃದುವಾಗಿ ಕೇಳಿದರು: ಲ್ಯಾಬ್ ಹೇಗಿದೆ, ಕಲಿಸುತ್ತಾರೆಯೇ, ಇಲ್ಲಿ ಸುಖವಾಗಿದ್ದೀಯಾ. ಚಿಸೋಮೊ ಬೆನ್ನು ನೆಟ್ಟಗೆ ಮಾಡಿ, ಎಲ್ಲವೂ ಚೆನ್ನಾಗಿದೆ, ಇದು ನನ್ನ ಎರಡನೆಯ ಮನೆ ಎಂದಳು. ಅಮೀರ ಅದನ್ನು ವಿಡಿಯೋ ಮಾಡಿಕೊಂಡ. ಸಂಜೆ ಬಸ್ಸುಗಳು ಹೊರಟವು. ಮಲಾವಿಯ ಹುಡುಗಿ ಕಿಟಕಿಯಿಂದ ಕೈ ಹೊರಗೆ ಹಾಕಿದ್ದಳು, ಚಿಸೋಮೊ ಗೇಟಿನವರೆಗೂ ಆ ಕೈ ಹಿಡಿದುಕೊಂಡೇ ಓಡಿದಳು. ರಾತ್ರಿ ಊಟಕ್ಕೆ ಬರಲಿಲ್ಲ.

ದರ್ಜೆ ಬಂತು. ಪಟಾಕಿ ಹೊಡೆದರು, ಊರಿಗೆಲ್ಲ ಪೇಡೆ ಹಂಚಿದರು. ಬೇಸಿಗೆ ಪ್ರವೇಶದ ಹೊತ್ತಿಗೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಊರುಗಳ ಬಸ್‌ಸ್ಟ್ಯಾಂಡಿನ ಎದುರಿಗೂ ದೊಡ್ಡ ಫಲಕಗಳು ಎದ್ದವು. ಇಳಕಲ್ ಸೀರೆಯ ಚಿಸೋಮೊ ದೀಪ ಹಚ್ಚುತ್ತಿದ್ದಾಳೆ, ಕೆಳಗೆ ದೊಡ್ಡ ಅಕ್ಷರ: 'ಜಗತ್ತೇ ಬರುತ್ತಿದೆ ದಿಗಂತಕ್ಕೆ'.

ಜೂನ್ ತಿಂಗಳಲ್ಲಿ ಸಿದ್ಧರಾಮ ಸುರೇಖಾಳನ್ನು ಕರೆದು ಬಾಗಿಲು ಹಾಕಿಕೊಂಡರು.

"ಲ್ಯಾಬ್ ಕೋರ್ಸ್ ಬಂದ್ ಮಾಡಾಕತ್ತಾರ್ರಿ. ಹುಡುಗ್ರು ಬರೂದುಲ್ಲ, ಖರ್ಚು ಭಾಳ ಅಂತ. ಇಲ್ಲಿ ಹುಡುಗ್ರನ್ನ ವಿಜಯಪುರದ ಕಾಲೇಜಿಗಿ ಕಳಸ್ತಾರ."

"ಸೋಮವ್ವನ್ನ?"

"ಆಕಿದ ತಿಳಿವಲ್ದು."

ಸುರೇಖಾ, ಚಿಸೋಮೊ ಇಬ್ಬರೂ ವಿಜಯಪುರಕ್ಕೆ ಹೋದರು. ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುತ್ತಿದ್ದ ಅಲ್ಮಾಸ ಎಂಬ ಅಧಿಕಾರಿ ಅವರನ್ನು ಕೂರಿಸಿ, ಚಹಾ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡಳು.

"ನಾ ಏನ್ ಮಾಡ್ಲಿ ಹೇಳ್ರಿ ಮೇಡಂ? ವೀಸಾದಾಗ ಕಾಲೇಜಿನ ಹೆಸರು ಐತಿ, ಕೋರ್ಸಿನ ಹೆಸರು ಐತಿ. ಕೋರ್ಸ್ ಇಲ್ಲಂದ್ರ ಓದೂದು ಇಲ್ಲ, ಓದೂದು ಇಲ್ಲಂದ್ರ ಇಲ್ಲಿ ಇರೂದೂ ಇಲ್ಲ. ಬ್ಯಾರೆ ಕಾಲೇಜು ಹಿಡೀಬೇಕಂದ್ರ ದಿಲ್ಲಿಯಿಂದ ಪರವಾನಗಿ ಬರಬೇಕು. ಅದಕ್ಕ ಇದ್ದ ಕಾಲೇಜಿನವ್ರ ಬರೀಬೇಕು, ನಮ್ಮಲ್ಲಿ ಕೋರ್ಸ್ ನಿಂತೈತಿ ಅಂತ."

ಅದೊಂದು ಮಾತು ಬರೆದುಕೊಡಲು ಅರುಣಕುಮಾರ ಒಪ್ಪಲಿಲ್ಲ. ಈಗ ತಾನೇ ದರ್ಜೆ ಬಂದಿದೆ, ವಿದೇಶಿ ವಿದ್ಯಾರ್ಥಿಗಳ ಕೋರ್ಸೇ ನಿಂತಿದೆ ಎಂದು ದಿಲ್ಲಿಗೆ ಬರೆದರೆ ಏನಾದೀತು? ಬಿ.ಎ.ಗೆ ಕೂರಲಿ, ತಾನು ಶುಲ್ಕ ಕೇಳುವುದಿಲ್ಲ ಎಂದ.

"ನೀವು ಮಾತು ಕೊಟ್ಟಿದ್ದಿರಿ. ಕೊನೆಯ ವರ್ಷ ಹೊರದೇಶದಲ್ಲಿ ಅಂದಿದ್ದಿರಿ" ಎಂದಳು ಚಿಸೋಮೊ.

"ಒಪ್ಪಂದ ಆಗೇತಿ, ಸುಳ್ಳಲ್ಲ" ಎಂದು ಅವನು ಸುರೇಖಾಳ ಕಡೆ ತಿರುಗಿ ಹೇಳಿದ. "ಆದ್ರ ಅವ್ರಿಗಿ ಬಿಸಿನೆಸ್ ಕೋರ್ಸ್ ಬೇಕಂತ. ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ. ಲ್ಯಾಬಿನ ಮಾತು ಅವ್ರು ಎತ್ತಲಿಲ್ಲ. ನಾ ಏನ್ ಮಾಡ್ಲಿ?"

"ಹಾಗಾದರೆ ಅಂದು ಬಂದ ಬಸ್ಸುಗಳ ವಿಷಯ ನಾನು ತಂಡದವರಿಗೆ ಬರೆಯುತ್ತೇನೆ" ಎಂದಳು ಚಿಸೋಮೊ.

ಅರುಣಕುಮಾರ ಸಿಟ್ಟಿಗೇಳಲಿಲ್ಲ. ಫೋನು ತೆಗೆದು ವಿಡಿಯೋ ಹಚ್ಚಿ ಮೇಜಿನ ಮೇಲೆ ಇಟ್ಟ. ಚಿಸೋಮೊ ನೆಟ್ಟಗೆ ಕೂತು, ಇದು ನನ್ನ ಎರಡನೆಯ ಮನೆ ಎನ್ನುತ್ತಿದ್ದಳು. ಅದು ಮುಗಿಯುವವರೆಗೂ ಮೂವರೂ ನೋಡಿದರು.

ಆದರೂ ಸುರೇಖಾ, ಚಿಸೋಮೊ ಬರೆದರು. ಇಬ್ಬರೂ ಸಹಿ ಹಾಕಿದರು. ನಿಮ್ಮ ದೂರು ತಲುಪಿದೆ ಎಂಬ ಉತ್ತರ ಬಂದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಕಾಲೇಜಿಗೆ ಮಾತ್ರ ಸುದ್ದಿ ಹೇಗೋ ಮುಟ್ಟಿತು. ಸಿದ್ಧರಾಮ ಸುರೇಖಾಳನ್ನು ವರಾಂಡದಲ್ಲಿ ನಿಲ್ಲಿಸಿ ದನಿ ತಗ್ಗಿಸಿ ಹೇಳಿದರು: "ಆ ದಿನದ ಎಲ್ಲಾ ಕಾಗದದ ಮ್ಯಾಲೂ ವಿಭಾಗದ ಮುಖ್ಯಸ್ಥೆ ಅಂತ ನಿಮ್ಮ ಹೆಸರು ಐತ್ರಿ. ನಾಳೆ ತನಿಖಿ ಬಂದ್ರ ಮೊದಲ ನಿಮ್ಮ ಕೊರಳಿಗಿ ಬರ್ತೈತಿ. ಸುಮ್ಮಕಿರ್ರಿ, ತಂಗಿ."

ತನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಸುರೇಖಾ ಕಾದಳು. ತೆಗೆಯಲಿಲ್ಲ. ಆ ವರ್ಷವೂ ಕರೆದರು. ತನ್ನನ್ನು ಹೊರಗೆ ಬಿಡುವುದಕ್ಕಿಂತ ಒಳಗೆ ಇಟ್ಟುಕೊಳ್ಳುವುದೇ ಅವರಿಗೆ ಕ್ಷೇಮವೆಂದು ಅವಳಿಗೆ ಆಮೇಲೆ ತಿಳಿಯಿತು. ಬಿಟ್ಟು ಹೋಗಲು ಬೇರೆ ನೌಕರಿ ಇರಲಿಲ್ಲ.

ಹಾಸ್ಟೆಲಿನಲ್ಲಿ ಚಿಸೋಮೊಳ ಕೋಣೆಯನ್ನು ಹೊಸದಾಗಿ ಸೇರಿದ ಹುಡುಗಿಯರಿಗೆ ಕೊಟ್ಟರು. ಸುರೇಖಾಳ ಬಾಡಿಗೆ ಕೋಣೆಯ ಮಾಲೀಕ ಅವಳನ್ನು ಅಲ್ಲಿ ಇಟ್ಟುಕೊಳ್ಳಲು ಬಿಡಲಿಲ್ಲ. ಇಬ್ಬರೂ ಬಿಸಿಲಲ್ಲಿ ಓಣಿ ಓಣಿ ಅಲೆದರು. ಕೆಲವರು ಚಿಸೋಮೊಳನ್ನು ನೋಡಿ ಬಾಗಿಲು ಹಾಕಿಕೊಂಡರು, ಕೆಲವರು ಸುರೇಖಾಳ ಅಡ್ಡಹೆಸರು ಕೇಳಿ. ಕೊನೆಗೆ ಹಳೆಯ ಗಡಿಯಾರ ರಿಪೇರಿ ಮಾಡುವ ಗೈಬುಸಾಬ, "ಬರ್ರಿ, ಇದು ಅಲ್ಲಾನ ಮನಿ, ನನ್ನದೇನೈತಿ ಇದ್ರಾಗ" ಎಂದು ಹಿತ್ತಲಿನ ಕೋಣೆ ಬಿಟ್ಟುಕೊಟ್ಟ. ಕಾಶಿಬಾಯಿ ದಿನಾ ಸಂಜೆ ಅಲ್ಲಿಗೇ ನುಚ್ಚು ಕಟ್ಟಿಕೊಂಡು ಹೋಗುತ್ತಿದ್ದಳು. ಚಿಸೋಮೊ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಆ ಕೆಲಸವನ್ನಾದರೂ ಬರೆದುಕೊಡಲು ಆಗುತ್ತದೆಯೇ ಎಂದು ಸುರೇಖಾ ಬಾಬುಲಾಲನನ್ನು ಕೇಳಿದಳು. ಅವನ ಮುಖ ಸಣ್ಣದಾಯಿತು.

"ಹೆಂಗ ಬರೀಲ್ರಿ? ಆಕಿ ಇಲ್ಲಿ ಕುಂತದ್ದ ಕಾನೂನು ಪ್ರಕಾರ ತಪ್ಪು. ಬರದ್ರ ನನ್ನ ನೌಕರಿ ಹೊಕ್ಕೈತಿ, ಆಕಿಗೂ ಕೇಸು."

ಅಕ್ಟೋಬರಿನಲ್ಲಿ ದೇಶ ಬಿಟ್ಟು ಹೋಗಬೇಕೆಂಬ ಆದೇಶ ಬಂತು. ಅಲ್ಮಾಸಳೇ ಫೋನು ಮಾಡಿ, ತಡಮಾಡಿದರೆ ಮತ್ತೆಂದೂ ಈ ದೇಶಕ್ಕೆ ಬರಲಾಗುವುದಿಲ್ಲ, ಈಗಲೇ ಹೋಗಲಿ ಎಂದು ತಿಳಿಸಿ ಹೇಳಿದಳು. ಚಿಸೋಮೊ ಅಳಲಿಲ್ಲ. ಬಟ್ಟೆಗಳನ್ನು ನೀಲಿ ಸೂಟ್‌ಕೇಸಿಗೆ ಹಾಕಿದಳು. ಇಳಕಲ್ ಸೀರೆಯನ್ನು ಕಾಶಿಬಾಯಿಗೆ ಕೊಟ್ಟಳು. ಕಾಶಿಬಾಯಿ ಅದನ್ನು ಎದೆಗೆ ಅವುಚಿಕೊಂಡು, "ಏನ್ ತಪ್ಪು ಮಾಡಿದ್ಲ್ರಿ ನನ್ನ ಕೂಸು? ಯಾರರ ಹೇಳ್ರಿ ನನಗ" ಎಂದು ಎಲ್ಲರನ್ನೂ ಕೇಳಿದಳು.

ಸುರೇಖಾ ಅವಳ ಜೊತೆ ಸೋಲಾಪುರದವರೆಗೆ ಹೋದಳು. ಇಂಡಿಯಲ್ಲಿ ಬಸ್ಸು ನಿಂತಾಗ ಕಿಟಕಿಯ ಎದುರಿಗೇ ಫಲಕ. ಮೊಸಂಬಿ ಮಾರುವ ಹೆಂಗಸೊಬ್ಬಳು ಫಲಕ ನೋಡಿ, ಚಿಸೋಮೊಳನ್ನು ನೋಡಿ, "ನೀನ ಅಲ್ಲೇನವಾ ಅದು?" ಎಂದು ನಕ್ಕಳು. ಅಷ್ಟು ಕನ್ನಡ ಚಿಸೋಮೊಳಿಗೆ ಬರುತ್ತಿತ್ತು.

"ಅಲ್ರಿ" ಎಂದಳು.

ಊರಿಗೆ ಹೋದ ಮೇಲೆ ಮೊದಲು ವಾರ ವಾರ ಫೋನು ಬರುತ್ತಿತ್ತು. ಅಲ್ಲಿಯ ಕಾಲೇಜಿನವರು ಇಲ್ಲಿ ಓದಿದ ಎರಡು ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲಿನಿಂದ ಓದಬೇಕೆಂದರು. ಅದು ಆಗುವ ಮಾತಾಗಿರಲಿಲ್ಲ. ತಾಯಿ ಆಸ್ಪತ್ರೆಯಲ್ಲಿ ಹೇಳಿ ಕೇಳಿ ಮಗಳಿಗೆ ತನ್ನ ಜೊತೆಯಲ್ಲೇ ಕೆಲಸ ಕೊಡಿಸಿದಳು. ಚಿಸೋಮೊ ಈಗ ಅದೇ ಲ್ಯಾಬಿನ ನೆಲ ಒರೆಸುತ್ತಾಳೆ.

"ಒಳಗೆ ಸ್ಲೈಡುಗಳು ಕಾಣುತ್ತವೆ" ಎಂದಳು ಒಂದು ಸಲ. "ಮೊನ್ನೆ ಲ್ಯಾಬಿನವನು ರಜೆಯಲ್ಲಿದ್ದ. ನಾನು ಮಾಡುತ್ತೇನೆ ಅಂದೆ. ಮುಟ್ಟಬೇಡ ಅಂದರು."

ಕಾಶಿಬಾಯಿ ನಿನ್ನನ್ನು ನೆನೆಸುತ್ತಾಳೆ ಎಂದಳು ಸುರೇಖಾ. ಆಮೇಲೆ ಫೋನುಗಳು ಕಡಿಮೆಯಾದವು.

ಮುಂದಿನ ಮೇ ತಿಂಗಳಲ್ಲಿ ಸುರೇಖಾ ನಾಲತವಾಡಕ್ಕೆ ಹೋದಾಗ ಅಣ್ಣ ಮಲ್ಲಣ್ಣ ಬಾಗಿಲಲ್ಲೇ ನಿಂತು ಕಾಯುತ್ತಿದ್ದ. ಅವನ ಮಗಳು ಸಾಕ್ಷಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು.

"ನಿಮ್ಮ ಕಾಲೇಜಿನ ಫಾರಿನ್ ಡಿಗ್ರಿಗಿ ಹಾಕೀನಿ ಸಾಕ್ಷೀನ" ಎಂದ. "ಎರಡು ವರ್ಷ ನಿನ್ನ ಹಂತೇಕ, ಎರಡು ವರ್ಷ ಹೊರದೇಶ. ಅಪ್ಪ ಇದ್ದಿದ್ರ ಕುಣೀತಿದ್ದ."

ಸುರೇಖಾ ಚಪ್ಪಲಿ ಬಿಡದೆ ಅಲ್ಲೇ ನಿಂತಳು. "ಬ್ಯಾಡಣ್ಣಾ. ಅದು ಬ್ಯಾಡ."

ಕೂತು ಎಲ್ಲವನ್ನೂ ಹೇಳಿದಳು. ಬಿಳಿ ಕಟ್ಟಡ, ಬಸ್ಸುಗಳು, ಚಿಸೋಮೊಳಿಗೆ ಆದದ್ದು, ಯಾವುದನ್ನೂ ಬಿಡಲಿಲ್ಲ. ಮಲ್ಲಣ್ಣ ಕೇಳಿಸಿಕೊಂಡ. ಸಂತೋಷದಿಂದಿದ್ದ ಅವನ ಮುಖ ಮೆಲ್ಲಗೆ ಬಿಗಿದುಕೊಂಡಿತು.

"ಅಷ್ಟು ಕೆಟ್ಟಿದ್ರ ನೀ ಯಾಕ ಇನ್ನೂ ಅಲ್ಲೇ ಅದೀ?"

ಸುರೇಖಾ ಬಗ್ಗಿ ಚಪ್ಪಲಿ ಬಿಚ್ಚಿದಳು.

"ಬಾಗೇವಾಡಿ ದೊಡ್ಡಮನಿ ಹುಡುಗ್ರು ಹೊಂಟಾರ, ಗೊಳಸಂಗಿ ಗೌಡ್ರ ಮಗಳು ಹೊಂಟಾಳ. ಅವರಿಗೆಲ್ಲ ನಡೀತೈತಿ. ನಮ್ಮ ಹುಡುಗಿ ಹೊಂಟ್ರ ಬ್ಯಾಡ. ಊರವ್ರು ಅಂದ್ರ ಅನ್ನಲಿ, ನೀನೂ ಅಂತೀಯಲ್ಲ" ಎಂದ ಮಲ್ಲಣ್ಣ. ಎದ್ದು ಹೊರಗೆ ಹೋದ.

ಸಾಕ್ಷಿ ಒಳಗಿನಿಂದ ಬಂದು ಅತ್ತೆಯ ಪಕ್ಕ ಕೂತಳು. ಅವಳಿಗೆ ಸಿಟ್ಟು ಇರಲಿಲ್ಲ. "ಆಕಿ ಪಾಪ, ಆಕಿದು ಹಂಗಾತು. ಎಲ್ಲಾರಿಗೂ ಹಂಗ ಆಗೂದುಲ್ಲಲ್ಲತ್ತಿ? ನಾ ಚಲೋ ಓದ್ತೇನಿ" ಎಂದಳು.

ಜುಲೈಯಲ್ಲಿ ಹೊಸ ತರಗತಿ ಸುರುವಾಯಿತು. ಕೋಣೆ ತುಂಬಿತ್ತು, ಹಿಂದಿನ ಬೆಂಚಿನಲ್ಲಿ ಹುಡುಗರು ಒತ್ತಿ ಕೂತಿದ್ದರು. ವಿದೇಶಿ ವಿಶ್ವವಿದ್ಯಾಲಯದಿಂದ ಇನ್ನೂ ಯಾರೂ ಬಂದಿರಲಿಲ್ಲ, ಪಠ್ಯಕ್ರಮವೂ ಬಂದಿರಲಿಲ್ಲ. ಅಲ್ಲಿಯವರೆಗೆ ಇಂಗ್ಲಿಷ್ ಸಂಭಾಷಣೆ ಕಲಿಸಿರಿ ಎಂದು ಅರುಣಕುಮಾರ ಹೇಳಿದ್ದ. ಸುರೇಖಾ ಹಾಜರಿ ತೆಗೆದುಕೊಂಡಳು. ಎರಡನೆಯ ಸಾಲಿನಲ್ಲಿ ಕೂತಿದ್ದ ಸಾಕ್ಷಿ ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಳು. ತರಗತಿಯಲ್ಲಿ ಅತ್ತೆ ಎನ್ನಬಾರದೆಂದು ಮನೆಯಲ್ಲೇ ಹೇಳಿಸಿಕೊಂಡು ಬಂದವಳು ಕೈ ಎತ್ತಿದಳು.

"ಮೇಡಂ, ಅಲ್ಲಿ ಚಳಿಗಾಲದಾಗ ಹಿಮ ಬೀಳತೈತಂತ, ಖರೇನೇನ್ರಿ?"

ಎಲ್ಲರೂ ಸುರೇಖಾಳ ಮುಖವನ್ನೇ ನೋಡುತ್ತಿದ್ದರು.

"ಖರೇನ" ಎಂದಳು ಸುರೇಖಾ. ಬೋರ್ಡಿನ ಕಡೆ ತಿರುಗಿ ಅಂದಿನ ತಾರೀಖು ಬರೆದಳು.